ಬಾಟಲಿಯ ಮಹಜರು

ಮಾನ ಹೋಗುವುದಕ್ಕೆ ಮನುಷ್ಯನಿಗೆ ನಾನಾ ದಾರಿಗಳಿವೆ. ಕೆಲವರದು ಕೋರ್ಟಿನಲ್ಲಿ ಹೋಗುತ್ತದೆ, ಕೆಲವರದು ಇಸ್ಪೀಟಿನ ಕಟ್ಟೆಯ ಮೇಲೆ, ಇನ್ನು ಕೆಲವರದು ಬೀಗರ ಮನೆಯ ಪಂಕ್ತಿಯಲ್ಲಿ. ನನ್ನದು ಒಂದು ಬಾಟಲಿಯಲ್ಲಿ ಹೋಯಿತು. ಬಾಟಲಿ ಎಂದ ತಕ್ಷಣ ನೀವು ಏನು ಅಂದುಕೊಂಡಿರಿ ಎಂಬುದು ನನಗೆ ಗೊತ್ತು. ಅದಾಗಿದ್ದರೆ ಪರವಾಗಿರಲಿಲ್ಲ, ಆ ಬಾಟಲಿಯಿಂದ ಮಾನ ಕಳೆದುಕೊಂಡವರಿಗೆ ಊರಿನಲ್ಲಿ ಜೊತೆಗಾರರಾದರೂ ಇರುತ್ತಾರೆ. ನನ್ನ ಬಾಟಲಿಯಲ್ಲಿದ್ದದ್ದು, ಡಾಕ್ಟರ ಅಪ್ಪಣೆಯ ಮೇರೆಗೆ, ಬೆಳಗ್ಗೆ ಎದ್ದ ಕೂಡಲೇ, ಬರಿಹೊಟ್ಟೆಯಲ್ಲಿ, ನಾನೇ ಹಿಡಿದು ಒಪ್ಪಿಸಿದ ನನ್ನ ಸ್ವಂತ ಮೂತ್ರ. ಅದರಿಂದ ಒಬ್ಬ ಸರ್ಕಾರಿ ನೌಕರನ ಹೆಸರು ಕೆಡಬಹುದೆಂದು ನಾನು ಓದಿದ ಯಾವ ಕಾನೂನು ಪುಸ್ತಕದಲ್ಲೂ ಬರೆದಿರಲಿಲ್ಲ.

ಆಗ ನಾನು ನಮ್ಮ ಕಡೆಯ ಒಂದು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕರಲ್ಲಿ ಯಾವುದು ಎಂದು ಹೇಳುವುದಿಲ್ಲ. ಅಲ್ಲಿ ನನಗೆ ಬೇಕಾದವರು ಇನ್ನೂ ಇದ್ದಾರೆ. ಪಾವಗಡವಲ್ಲ ಎಂದಷ್ಟು ಹೇಳಬಲ್ಲೆ. ಸಕ್ಕರೆಗೆ ಕಂಟ್ರೋಲ್ ಬಂದಿದ್ದ ಕಾಲ ಅದು. ಮದುವೆ, ನಾಮಕರಣ, ವೈಕುಂಠ ಸಮಾರಾಧನೆ ಏನೇ ಇರಲಿ, ಸಕ್ಕರೆ ಬೇಕೆಂದರೆ ಅರ್ಜಿ ಬರೆದು, ಲಗ್ನಪತ್ರಿಕೆಯಿದ್ದರೆ ಲಗತ್ತಿಸಿ, ಪರ್ಮಿಟ್ಟು ಪಡೆದು ಡಿಪೋಗೆ ಹೋಗಬೇಕಾಗಿತ್ತು. ಆ ಪರ್ಮಿಟ್ಟು ಬರೆಯುವ ಕೈ ನನ್ನದು. ಕೇಳಿದ್ದರಲ್ಲಿ ಅರ್ಧ ಮಾತ್ರ ಕೊಡು ಎಂಬುದು ಮೇಲಿನಿಂದ ಬಂದ ಆಜ್ಞೆ. ಆಜ್ಞೆ ಮಾಡಿದವರು ಬೆಂಗಳೂರಿನಲ್ಲಿದ್ದರು, ನಾನು ಕಿಟಕಿಯ ಪಕ್ಕದಲ್ಲೇ ಕೂತಿದ್ದೆ. ಹೀಗಾಗಿ ಉಳಿದರ್ಧವನ್ನು ಕತ್ತರಿಸುತ್ತಿರುವವನು ನಾನೇ ಎಂದು ತಾಲ್ಲೂಕಿನ ಸಮಸ್ತರೂ ನಂಬಿದ್ದರು. ಕತ್ತರಿಸಿದ ಅರ್ಧ ಎಲ್ಲಿ ಹೋಗುತ್ತದೆ ಎಂಬುದರ ಬಗ್ಗೆ ಮಾತ್ರ ಭಿನ್ನಾಭಿಪ್ರಾಯವಿತ್ತು.

ನಾನು ಪ್ರಾಮಾಣಿಕ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ; ನನ್ನಲ್ಲಿ ಹೇಳಿಕೊಳ್ಳುವಂಥ ಬೇರೆ ಗುಣವಿಲ್ಲದ್ದರಿಂದ ಹೇಳುತ್ತಿದ್ದೇನೆ. ನನ್ನ ರೇಷನ್ ಕಾರ್ಡಿಗೆ ನ್ಯಾಯವಾಗಿ ಬರಬೇಕಾದ ಸಕ್ಕರೆಯನ್ನು ಕೂಡ ನಾನು ತರುತ್ತಿರಲಿಲ್ಲ. ಸಕ್ಕರೆ ಗುಮಾಸ್ತನ ಕೈಯಲ್ಲಿ ಸಕ್ಕರೆ ಪೊಟ್ಟಣ ಕಂಡರೆ ಅದು ಯಾವ ಸಕ್ಕರೆ ಎಂದು ಯಾರೂ ವಿಚಾರಿಸುವುದಿಲ್ಲ ಎಂಬ ಭಯ. ನಮ್ಮ ಮನೆಯಲ್ಲಿ ವರ್ಷಪೂರ್ತಿ ಬೆಲ್ಲದ ಕಾಫಿ. ನನ್ನ ಹೆಂಡತಿ ಜಯಮ್ಮ ಹೊಳವನಹಳ್ಳಿ ಕಡೆಯವಳು. ತವರಿನವರು ಬಂದಾಗಲೂ ಬೆಲ್ಲದ ಕಾಫಿಯನ್ನೇ ಕೊಡಬೇಕಾಗಿ ಬಂದದ್ದಕ್ಕೆ ಅವಳು ನನ್ನ ಪ್ರಾಮಾಣಿಕತೆಯ ಮೇಲೆ ಹಲ್ಲು ಕಡಿಯುತ್ತಿದ್ದಳು. ಆ ಕಾಫಿ ಕುಡಿದ ನೆಂಟರು, ಎಂಥ ನಾಟಕ ಆಡುತ್ತಾರಪ್ಪಾ ಗಂಡ ಹೆಂಡತಿ ಎಂದು ಮೆಚ್ಚಿಕೊಂಡು ಹೋಗುತ್ತಿದ್ದರಂತೆ.

ಹೀಗಿರುವಾಗ ನನ್ನ ಕತ್ತಿನ ಹಿಂದೆ ಒಂದು ಕುರು ಎದ್ದಿತು. ಅದು ಒಡೆದು ಮಾಯುವಷ್ಟರಲ್ಲಿ ಪಕ್ಕದಲ್ಲಿ ಇನ್ನೊಂದು ಎದ್ದಿತು. ಬಸ್ ಸ್ಟ್ಯಾಂಡಿನ ಹತ್ತಿರ ಔಷಧಾಲಯ ಇಟ್ಟುಕೊಂಡಿದ್ದ ಡಾಕ್ಟರು ನನ್ನ ಕತ್ತನ್ನು ನೋಡಿ, ಕುರು ಹೀಗೆ ಮೇಲಿಂದ ಮೇಲೆ ಬರುತ್ತಿದ್ದರೆ ಮೂತ್ರ ಪರೀಕ್ಷೆ ಮಾಡಬೇಕಾಗುತ್ತದೆ ಎಂದರು. ಕತ್ತಿಗೂ ಅದಕ್ಕೂ ಇರುವ ದೂರವನ್ನು ನೆನೆದರೂ ನಾನು ಒಪ್ಪಿದೆ. ಆ ಔಷಧಾಲಯದಲ್ಲಿ ಆಗಷ್ಟೇ ಒಂದು ಲ್ಯಾಬೊರೇಟರಿಯಾಗಿತ್ತು. ಲ್ಯಾಬೊರೇಟರಿ ಎಂದರೆ ಒಂದು ಮೂಲೆ, ಮೂಲೆಗೆ ಒಂದು ಪರದೆ, ಪರದೆಯ ಹಿಂದೆ ಒಂದು ಸ್ಪಿರಿಟ್ ದೀಪ, ಗಾಜಿನ ಕೊಳವೆಗಳು, ನೀಲಿ ಔಷಧಿಯ ಒಂದು ಸೀಸೆ ಮತ್ತು ಕಾಂಪೌಂಡರ್ ಶ್ಯಾಮಣ್ಣ. ಕೊಳವೆಯಲ್ಲಿ ನೀಲಿ ಔಷಧಿ ಹಾಕಿ, ತಂದಿದ್ದನ್ನು ಕೆಲವು ತೊಟ್ಟು ಬಿಟ್ಟು ಕಾಯಿಸಿದರೆ, ಸಕ್ಕರೆ ಕಾಯಿಲೆ ಇಲ್ಲದವನದು ನೀಲಿಯಾಗಿಯೇ ಉಳಿಯುತ್ತದೆ. ಇದ್ದವನದು ಹಸಿರು, ಹಳದಿಯಾಗಿ ಕೊನೆಗೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಶ್ಯಾಮಣ್ಣ ಒಳ್ಳೆಯವನೇ. ಆದರೆ ಅವನು ಚಿಕ್ಕಂದಿನಲ್ಲಿ ಬಯಲಾಟದಲ್ಲಿ ಪಾತ್ರ ಮಾಡಿದವನು. ಹತ್ತಿರ ಕೂತವರಿಗೆ ಹೇಳಬೇಕಾದದ್ದನ್ನೂ ದೂರದವರಿಗೆ ಕೇಳುವಂತೆ ಹೇಳುವ ಅಭ್ಯಾಸ ಅವನಿಗೆ ಉಳಿದುಬಿಟ್ಟಿತ್ತು.

ಮಾದರಿ ಹೇಗೆ ತರಬೇಕು ಎಂಬುದನ್ನು ಅವನು ನನಗೆ ವರಾಂಡದಲ್ಲಿದ್ದ ಎಲ್ಲರ ಸಮಕ್ಷಮ ತಿಳಿಸಿದ. ಬೆಳಗಿನ ಮೊದಲನೆಯದೇ ಆಗಬೇಕು. ಬಾಟಲಿ ಶುದ್ಧವಾಗಿರಬೇಕು. ಒಣಗಿರಬೇಕು, ಒಂದು ತೊಟ್ಟು ನೀರೂ ಸೋಕಿರಕೂಡದು. ತಡಮಾಡದೆ ತಂದು ಕೊಡಬೇಕು. ಈ ಕಟ್ಟುನಿಟ್ಟಿಗೆ ಕಾರಣವಿತ್ತು. ಸ್ವಲ್ಪ ದಿನದ ಹಿಂದೆ ನನ್ನ ಹೆಂಡತಿಯ ದೊಡ್ಡಪ್ಪನಿಗೆ ಇದೇ ಡಾಕ್ಟರು ಇದೇ ಪರೀಕ್ಷೆಗೆ ಹೇಳಿದ್ದರು. ದೊಡ್ಡಪ್ಪ ಹೊಳವನಹಳ್ಳಿಯಿಂದ ಬಸ್ಸಿನಲ್ಲಿ ಒಂದು ತಂಬಿಗೆಯ ತುಂಬ ತಂದಿದ್ದರು. ಇಷ್ಟೊಂದು ಯಾಕೆ ಎಂದು ಶ್ಯಾಮಣ್ಣ ಕೇಳಿದರೆ, ಬರಿ ನನ್ನದೊಬ್ಬನದೇ ಅಲ್ಲಪ್ಪ, ಮನೆಯವರೆಲ್ಲರದೂ ಸೇರಿದೆ, ನಾವೆಲ್ಲ ಒಂದೇ ಮಡಕೆಯಲ್ಲಿ ಉಣ್ಣೋರು, ಕಾಯಿಲೆ ಬೇರೆ ಬೇರೆ ಹೆಂಗಿರ್ತದೆ ಎಂದರಂತೆ. ಸಾಲದ್ದಕ್ಕೆ ದಾರಿಯಲ್ಲಿ ಬಸ್ಸು ಕುಲುಕಿ ಸ್ವಲ್ಪ ಚೆಲ್ಲಿದ್ದರಿಂದ ಮರ್ಯಾದೆಗೆ ಕಡಿಮೆಯಾಗಬಾರದೆಂದು ಬಾವಿ ನೀರು ಹಾಕಿ ತಂಬಿಗೆ ತುಂಬಿಸಿದ್ದರು. ಅವಿಭಕ್ತ ಕುಟುಂಬದಲ್ಲಿ ಯಾರಿಗೂ ಏನೂ ಇಲ್ಲವೆಂದು ಫಲಿತಾಂಶ ಬಂತು.

ನಾನು ಹಾಗೆ ಮಾಡುವವನಲ್ಲ. ಸರ್ಕಾರದ ಸುತ್ತೋಲೆಗಳನ್ನು ಅಕ್ಷರ ಬಿಡದೆ ಪಾಲಿಸಿ ಬದುಕಿದವನು. ಇನ್ನು ಬಾಟಲಿಯ ಪ್ರಶ್ನೆ. ಆ ಕಾಲದಲ್ಲಿ ಔಷಧಾಲಯದಿಂದ ಮಿಕ್ಸ್ಚರ್ ತರಬೇಕಾದರೆ ಬಾಟಲಿಯನ್ನು ನಾವೇ ಒಯ್ಯಬೇಕಾಗಿತ್ತು. ನಮ್ಮ ವಠಾರದಲ್ಲಿ ಆ ಕೆಲಸಕ್ಕೆ ಯೋಗ್ಯವಾದ ಬಾಟಲಿ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಅಗಲ ಬಾಯಿ, ಬಿಗಿಯಾದ ಬಿರಡೆ, ಒಳಗಿನದು ಕಾಣದಂಥ ಗಾಢ ಕಂದು ಗಾಜು. ವಠಾರದಲ್ಲಿ ಯಾರಿಗೆ ಕೆಮ್ಮು ಬಂದರೂ ಮೊದಲು ನಮ್ಮ ಮನೆಗೆ ಬಂದು ಬಾಟಲಿ ಕೇಳಿ ಆಮೇಲೆ ಡಾಕ್ಟರ ಹತ್ತಿರ ಹೋಗುತ್ತಿದ್ದರು. ಈ ಸಲ ಅದು ಪಕ್ಕದ ಮನೆಯ ಹಲೀಮಾ ಬೀ ಅವರ ಹತ್ತಿರ ಇತ್ತು. ಅವರು ಶಿರಾದವರು, ಗಂಡ ಇಲ್ಲಿ ಹಾಸಿಗೆ ಹೊಲಿಯುವ ಅಂಗಡಿ ಇಟ್ಟಿದ್ದರು. ಅತ್ತೆಯ ಕೆಮ್ಮಿಗೆಂದು ಒಯ್ದಿದ್ದ ಬಾಟಲಿ ಬೇಕಾಗಿದೆ ಎಂದು ಜಯಮ್ಮ ಹಿಂದಿನ ದಿನವೇ ಹೇಳಿ ಕಳಿಸಿದ್ದಳು. ಯಾಕೆ ಬೇಕು ಎಂದು ಅವಳು ಹೇಳಲಿಲ್ಲ. ಹೇಳುವ ಮಾತೂ ಅದಲ್ಲ.

ಬೆಳಗ್ಗೆ ನಾನು ಎದ್ದಾಗ ಜಯಮ್ಮ ನೀರಿಗೆ ಹೋಗಿದ್ದಳು. ಬಾಟಲಿ ನಮ್ಮ ಜಗಲಿಯ ಮೇಲೆ ಬಿರಡೆ ಹಾಕಿಕೊಂಡು ಕೂತಿತ್ತು. ಹಲೀಮಾ ಬೀ ಗಂಡಸರ ಎದುರಿಗೆ ಬರುವವರಲ್ಲ, ಇಟ್ಟು ಹೋಗಿದ್ದರು. ಹೊರಗಡೆ ಮುಟ್ಟಿ ನೋಡಿದೆ, ಹುಣಸೆಹಣ್ಣು ಬೂದಿ ಹಾಕಿ ತಿಕ್ಕಿ ಬಿಸಿಲಿನಲ್ಲಿ ಒಣಗಿಸಿದ್ದು ಗೊತ್ತಾಗುತ್ತಿತ್ತು. ಇನ್ನೊಮ್ಮೆ ತೊಳೆಯಬೇಕೇ ಎಂಬ ವಿಚಾರ ಬಂತು. ತೊಳೆದರೆ ನೀರು ಸೋಕುತ್ತದೆ, ನೀರು ಸೋಕಿರಕೂಡದೆಂದು ಸ್ಪಷ್ಟ ಸೂಚನೆಯಿದೆ, ಆದ್ದರಿಂದ ತೊಳೆಯಕೂಡದು ಎಂದು ತೀರ್ಮಾನಿಸಿದೆ. ಕಚೇರಿಯಲ್ಲಿ ನಾನು ಹೀಗೆಯೇ ತೀರ್ಮಾನಿಸುತ್ತಿದ್ದೆ, ಮತ್ತು ಅಲ್ಲಿ ಯಾವಾಗಲೂ ಅದು ಸರಿಹೋಗುತ್ತಿತ್ತು. ಬಾಟಲಿಯನ್ನು ವಿಧಿಪೂರ್ವಕ ತುಂಬಿ, ಕಾಗದದಲ್ಲಿ ಸುತ್ತಿ, ಮೇಲೆ ನನ್ನ ಹೆಸರು, ತಂದೆಯ ಹೆಸರು, ಊರು, ಹೋಬಳಿ, ತಾಲ್ಲೂಕು ಬರೆದು, ಕಚೇರಿಯ ಚೀಲದಲ್ಲಿಟ್ಟುಕೊಂಡು ಹೊರಟೆ. ದಾರಿಯಲ್ಲಿ ನಮಸ್ಕಾರ ಮಾಡಿದವರಿಗೆಲ್ಲ ಒಂದೇ ಕೈಯಲ್ಲಿ ನಮಸ್ಕಾರ ಮಾಡಿದೆ.

ಶ್ಯಾಮಣ್ಣ ಪರದೆಯ ಹಿಂದೆ ಹೋದ. ನಾನು ವರಾಂಡದ ಬೆಂಚಿನ ಮೇಲೆ ಕುಳಿತೆ. ಅಲ್ಲಿ ಇನ್ನೂ ಸುಮಾರು ಜನ ಇದ್ದರು. ಅದು ಮದುವೆಯ ಕಾಲವಾದ್ದರಿಂದ ಅವರಲ್ಲಿ ಅರ್ಧಕ್ಕರ್ಧ ಜನ ನನ್ನ ಮೇಜಿನ ಮೇಲೆ ಅರ್ಜಿ ಹಾಕಿದ್ದವರೇ. ಸ್ವಲ್ಪ ಹೊತ್ತಿಗೆ ಪರದೆ ಸರಿಯಿತು. ಶ್ಯಾಮಣ್ಣ ಕೊಳವೆಯನ್ನು ಬೆಳಕಿಗೆ ಹಿಡಿದುಕೊಂಡು ಬಂದು, "ಸ್ವಾಮಿ, ಗುಮಾಸ್ತರೇ, ಇಂಥ ಇಟ್ಟಿಗೆ ಬಣ್ಣ ನಾನು ನೋಡೇ ಇಲ್ಲ. ನಿಮ್ಮ ಮೈಯಾಗೆ ಸಕ್ಕರೆ ತುಂಬಿ ತುಳುಕ್ತಾ ಐತೆ" ಎಂದ. ಬೆಂಚಿನ ಮೇಲಿದ್ದವರೆಲ್ಲ ಮೊದಲು ಕೊಳವೆಯನ್ನು, ಆಮೇಲೆ ನನ್ನನ್ನು ನೋಡಿದರು. ನೋಡಿದ ರೀತಿ ರೋಗಿಯನ್ನು ನೋಡುವ ರೀತಿಯಾಗಿರಲಿಲ್ಲ.

ನನ್ನ ಪಕ್ಕದಲ್ಲಿ ಕದರಪ್ಪ ಎಂಬ ರೈತರು ಕೂತಿದ್ದರು. ಶೇಂಗಾ ಬೆಳೆಯುವವರು, ಸ್ಥಿತಿವಂತರು, ಒಂದು ಮಾತನ್ನು ಹಿಡಿದರೆ ಬಿಡುವವರಲ್ಲ. ಅವರ ಮಗಳ ಮದುವೆಗೆ ಬರೆದ ಅರ್ಜಿಯಲ್ಲೂ ಅರ್ಧ ಕಡಿಮೆಯಾಗಿತ್ತು. ಅವರು ಸಿಟ್ಟಿಗೇಳಲಿಲ್ಲ. ಬಹುದಿನದ ಲೆಕ್ಕ ಸರಿಹೋದವರ ನೆಮ್ಮದಿಯಲ್ಲಿ, "ನಮ್ ಹುಡುಗಿ ಮದ್ವೆ ಸಕ್ಕರೆ ಎಲ್ಲೋಯ್ತು ಅಂತ ಅವತ್ತಿಂದ ಯೋಚ್ನೆ ಮಾಡ್ತಿದ್ದೆ ಸ್ವಾಮಿ. ಇವತ್ತು ಗೊತ್ತಾಯ್ತು ಬುಡಿ" ಎಂದರು.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಸಂತೆಯಲ್ಲಿತ್ತು. ಸಂಜೆಗೆ ಬಸ್ಸು ಹತ್ತಿ ಹೋಬಳಿಗಳಿಗೆ ಹೋಯಿತು. ಸಕ್ಕರೆ ಕಾಯಿಲೆ ಎಂದರೆ ಆಗ ದೊಡ್ಡ ಮನುಷ್ಯರ ಕಾಯಿಲೆ. ನನ್ನ ಸಂಬಳದವನಿಗೆ ಬರುವಂಥದ್ದಲ್ಲ. ಬಂದಿದೆ ಎಂದರೆ ಅದಕ್ಕೆ ಬೇಕಾದ ಅನುಕೂಲ ಎಲ್ಲಿಂದಲೋ ಆಗಿರಬೇಕು ಎಂದು ಊರಿನ ತಿಳಿದವರು ವಾದಿಸಿದರು. ಬೆಲ್ಲದ ಕಾಫಿ ಕುಡಿದು ಹೋಗಿದ್ದ ನೆಂಟರು, ನಾವು ಆವತ್ತೇ ಹೇಳಲಿಲ್ಲವೇ ಎಂದರು. ಕಿಟಕಿಯ ಹತ್ತಿರ ಬಂದ ಮುದುಕಿಯೊಬ್ಬಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಇಷ್ಟು ತಿಂದರೂ ಮೈ ಹಿಡಿದಿಲ್ಲವಲ್ಲಪ್ಪಾ ಎಂದು ಮರುಕಪಟ್ಟಳು. ಯಾರಾದರೂ ಎದುರಿಗೆ ನಿಂತು ಕಳ್ಳ ಎಂದಿದ್ದರೆ ಜಗಳವಾಡಬಹುದಾಗಿತ್ತು. ಯಾರೂ ಹಾಗೆನ್ನಲಿಲ್ಲ. ಆರೋಗ್ಯ ಹೇಗಿದೆ ಎಂದು ವಿಚಾರಿಸಿದರು, ಅಷ್ಟೇ. ಆ ರಾತ್ರಿ ನನಗೆ ಅನ್ನ ಸೇರಲಿಲ್ಲ. ನಿಜ ಹೇಳುತ್ತೇನೆ, ಕಾಯಿಲೆಯ ಭಯ ನನಗೆ ಆಗಲೇ ಇಲ್ಲ. ಅವಮಾನಕ್ಕೇ ಕಣ್ಣಲ್ಲಿ ನೀರು ಬಂತು.

ಮಾರನೆಯ ದಿನ ಕಚೇರಿಯ ಮುಖ್ಯಸ್ಥರಾದ ಅಮಲ್ದಾರರು ಒಳಗೆ ಕರೆದರು. ನಮ್ಮ ಅಮಲ್ದಾರರು ಸಂಭಾವಿತರು, ಯಾರ ಮೇಲೂ ಕೂಗಾಡುವವರಲ್ಲ. ಕೂತುಕೊಳ್ಳಿ ಎಂದರು; ಅಲ್ಲಿಗೇ ನನಗೆ ಗ್ರಹಚಾರ ಗೊತ್ತಾಯಿತು. ನಿಮ್ಮ ಮೇಲೆ ನನಗೆ ಅನುಮಾನವಿಲ್ಲ, ಆದರೆ ಜನ ಮಾತಾಡುತ್ತಾರೆ, ಇಂಥ ಕಾಯಿಲೆ ಇಟ್ಟುಕೊಂಡು ನೀವು ಆ ಸೆಕ್ಷನ್ನಿನಲ್ಲಿ ಕೂರುವುದು ಕಚೇರಿಗೆ ಶೋಭೆಯಲ್ಲ ಎಂದರು. ಆಮೇಲೆ ಮೃದುವಾಗಿ, ಪಾವಗಡದಲ್ಲಿ ಒಂದು ಜಾಗ ಖಾಲಿಯಿದೆ ಎಂದರು. ನಮ್ಮ ಕಡೆಯ ನೌಕರರಿಗೆ ಇದಕ್ಕಿಂತ ಹೆಚ್ಚು ವಿವರ ಬೇಕಾಗುವುದಿಲ್ಲ. ಪಾವಗಡದ ಜನ ಒಳ್ಳೆಯವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿಗೆ ವರ್ಗವಾದವನನ್ನು ಯಾಕೆ ವರ್ಗ ಮಾಡಿದರು ಎಂದು ಯಾರೂ ಕೇಳುವುದಿಲ್ಲ, ಏನು ಮಾಡಿದ ಎಂದು ಮಾತ್ರ ಕೇಳುತ್ತಾರೆ. ಬಿಸಿಲು, ನೀರಿನ ತಾಪತ್ರಯ, ನನಗೆ ಬಾರದ ತೆಲುಗು ಇವೆಲ್ಲ ಇರಲಿ. ಈ ಕಳಂಕ ಹೊತ್ತುಕೊಂಡು ಹೋದರೆ ಸರ್ವಿಸ್ ಮುಗಿಯುವವರೆಗೂ ನಾನು ಸಕ್ಕರೆ ತಿಂದ ಗುಮಾಸ್ತನೇ. ತಿಂಗಳ ಕೊನೆಯವರೆಗೆ ಸಮಯ ಕೊಡಿ ಸ್ವಾಮಿ ಎಂದೆ. ಯಾತಕ್ಕೆ ಸಮಯ ಎಂದು ಅವರೂ ಕೇಳಲಿಲ್ಲ, ನನಗೂ ಗೊತ್ತಿರಲಿಲ್ಲ.

ಡಾಕ್ಟರು ಹೇಳಿದ ಪಥ್ಯ ಮನೆಯಲ್ಲಿ ಶುರುವಾಯಿತು. ಬೆಲ್ಲದ ಕಾಫಿ ಹೋಗಿ ಬರಿ ಕಾಫಿ ಬಂತು. ಅದನ್ನು ಕುಡಿಯುವಾಗ ನನ್ನ ಮುಖ ನೋಡಲಾರದೆ ಜಯಮ್ಮ ಅಡುಗೆಮನೆಗೆ ಹೋಗುತ್ತಿದ್ದಳು. ಜಗಳಗಂಟಿ ಎಂದು ನಾನು ಹೆಸರಿಟ್ಟಿದ್ದ ಹೆಂಗಸು ಆ ದಿನಗಳಲ್ಲಿ ಒಂದು ಮಾತೂ ಎದುರಾಡಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ. ಹೀಗೆ ಒಂದು ವಾರ ಕಳೆದಿರಬೇಕು. ಒಂದು ಮಧ್ಯಾಹ್ನ ನಾನು ರಜ ಹಾಕಿ ನಡುಮನೆಯಲ್ಲಿ ಮಲಗಿದ್ದೆ. ಹಿತ್ತಲ ಬಾಗಿಲಲ್ಲಿ ಹಲೀಮಾ ಬೀ ಬಂದು ನಿಂತು ಜಯಮ್ಮನ ಹತ್ತಿರ ಅದೂ ಇದೂ ಮಾತಾಡಿದರು. ಆಮೇಲೆ, "ಜಯಮ್ಮ, ಬೆಲ್ಲ ಹೆಂಗಿತ್ತು ಹೇಳಲೇ ಇಲ್ಲ" ಎಂದರು.

ಯಾವ ಬೆಲ್ಲ ಎಂದು ಜಯಮ್ಮ ಕೇಳಿದಳು.

"ಬಾಟ್ಲಿಯಾಗೆ ಹಾಕಿದ್ನಲ್ಲಮ್ಮ, ನಮ್ಮ ಆಪಾ ಮನೇದು, ಹೊಸ ಬೆಲ್ಲ, ಪುಡಿ ಮಾಡಿ. ಖಾಲಿ ಬಾಟ್ಲಿ ಹೆಂಗೆ ವಾಪಸ್ ಕೊಡೋದು?"

ನಾನು ಎದ್ದು ಕೂತೆ. ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವ ಪದ್ಧತಿ. ಪಕ್ಕದ ಮನೆಯಿಂದ ಪಾತ್ರೆ ಬಂದರೆ ಅದನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಒಂದು ಹಿಡಿ ಶೇಂಗಾ, ಒಂದು ತುಂಡು ಬೆಲ್ಲ, ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಅರಿಸಿನವನ್ನಾದರೂ ಹಾಕಿ ಕೊಡುತ್ತಾರೆ. ಹಿಂದೂಗಳೂ ಕೊಡುತ್ತಾರೆ, ಮುಸಲ್ಮಾನರೂ ಕೊಡುತ್ತಾರೆ. ಆದರೆ ಕೊಡುವವರೂ ಹೆಂಗಸರು, ತೆಗೆದುಕೊಳ್ಳುವವರೂ ಹೆಂಗಸರು. ಕೈಯಿಂದ ಕೈಗೆ ಕೊಡುವಾಗ ಒಂದು ಮಾತು ಹೇಳಿಯೇ ಕೊಡುತ್ತಾರೆ. ಪಾತ್ರೆಗಳು ಹೋಗಿಬರುವುದನ್ನು ಇಷ್ಟು ವರ್ಷ ನೋಡಿದ್ದರೂ ಅವುಗಳ ಒಳಗೆ ಏನಾದರೂ ಇರಬಹುದೆಂಬ ಸಂಗತಿ ಗಂಡಸಾದ ನನಗೆ ಹೊಳೆದಿರಲಿಲ್ಲ. ಊಟಕ್ಕೆ ಕೂತಾಗ ತಟ್ಟೆಯಲ್ಲಿ ಬಂದದ್ದನ್ನು ತಿಂದು ಎದ್ದವನು ನಾನು. ಆ ಕಂದು ಗಾಜಿನ ತಳದಲ್ಲಿ ಹಲೀಮಾ ಬೀ ಅವರ ಅಕ್ಕನ ಮನೆಯ ಹೊಸ ಬೆಲ್ಲ ಕೂತಿತ್ತು, ಮತ್ತು ಅದರ ಮೇಲೆ ನಾನು.

ಜಯಮ್ಮ ನಡುಮನೆಗೆ ಬಂದಳು. ಅವಳ ಮುಖದಲ್ಲಿ ಹಳೆಯ ಕಳೆ ತಿರುಗಿ ಬಂದಿತ್ತು. "ಅಲ್ಲ ಕಣ್ರೀ, ಬಿರಡೆ ತೆಗೆದೋರು ಒಳಗೇನೈತೆ ಅಂತ ಒಂದ್ಸಲ ಬಗ್ಗಿ ನೋಡಬಾರದಾಗಿತ್ತಾ?" ಎಂದಳು. ಬಗ್ಗಿ ನೋಡಬೇಕೆಂದು ಕಾಂಪೌಂಡರು ಹೇಳಿರಲಿಲ್ಲ ಎಂದೆ. ಇದಕ್ಕೆ ಅವಳು ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ. ವಿಷಯ ತಿಳಿದ ಹಲೀಮಾ ಬೀ ಗೋಡೆಯ ಆಚೆ ನಿಂತು ಅತ್ತರು. ತಾನೇ ಬುರ್ಖಾ ಹಾಕಿಕೊಂಡು ಅಮಲ್ದಾರ ಸಾಹೇಬರ ಹತ್ತಿರ ಹೋಗಿ ಹೇಳುತ್ತೇನೆ ಎಂದರು. ಬೇಡಮ್ಮ ಎಂದು ನಾನು ಈ ಕಡೆಯಿಂದ ಹೇಳಿದೆ. ಅವರ ಮೇಲೆ ನನಗೆ ಕೋಪ ಬರಲಿಲ್ಲ. ಕಚೇರಿಯಲ್ಲಿ ನನ್ನಿಂದ ಹೋದ ಪೆನ್ನು, ಛತ್ರಿ, ರೂಲುದೊಣ್ಣೆ ಯಾವುದೂ ಹಿಂದಿರುಗಿದ್ದಿಲ್ಲ. ತೆಗೆದುಕೊಂಡದ್ದನ್ನು ತೊಳೆದು, ಒಣಗಿಸಿ, ಮೇಲೊಂದಿಷ್ಟು ಸೇರಿಸಿ ಕೊಟ್ಟ ಹೆಂಗಸಿನ ಮೇಲೆ ಹೇಗೆ ಕೋಪ ಮಾಡುವುದು?

ಸತ್ಯ ತಿಳಿದರೆ ಸಾಕು ಎಂದು ನಾನು ಅಂದುಕೊಂಡಿದ್ದೆ. ಅದನ್ನು ಊರಿಗೆ ಹೇಳುವುದೇ ಕಷ್ಟವೆಂದು ಆಮೇಲೆ ಗೊತ್ತಾಯಿತು. ಬಾಟಲಿಯಲ್ಲಿ ಬೆಲ್ಲವಿತ್ತು ಎಂದರೆ, ಮೊನ್ನೆ ಸಕ್ಕರೆ ಅಂದರು, ಇವತ್ತು ಬೆಲ್ಲ ಅನ್ನುತ್ತಾರೆ, ನಾಳೆ ಇನ್ನೇನು ಬರುತ್ತದೋ ಎಂದು ಜನ ನಕ್ಕರು. ಡಾಕ್ಟರು ಮಾತ್ರ ನಂಬಿ, ಇನ್ನೊಮ್ಮೆ ಪರೀಕ್ಷೆ ಮಾಡೋಣ ಎಂದು ತಾವೇ ಒಂದು ಬಿಳಿ ಗಾಜಿನ ಬಾಟಲಿ ಕೊಟ್ಟರು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ನಾನು ಕಂದಾಯ ಇಲಾಖೆಯಲ್ಲಿ ಕೂದಲು ನರೆಸಿಕೊಂಡವನು. ಎರಡನೆಯ ಬಾಟಲಿಯಲ್ಲಿ ಏನೂ ಬರದಿದ್ದರೆ ಅದು ನನ್ನದೇ ಅಲ್ಲ, ಬೇರೆ ಯಾರದೋ ತಂದುಕೊಟ್ಟ ಎನ್ನುವವರು ಇದ್ದೇ ಇರುತ್ತಾರೆ. ಜಮೀನಿನ ತಂಟೆಯಾಗಲಿ, ಕಳುವಿನ ಮಾಲಾಗಲಿ, ಅನುಮಾನಕ್ಕೆ ನಮ್ಮಲ್ಲಿ ಒಂದೇ ಮದ್ದು: ಸಾಕ್ಷಿಗೆ ಪಂಚರನ್ನು ಕರೆದು ಮಹಜರು ಮಾಡಿಸುವುದು. ಮಾಡಿಸಿಯೇ ಬಿಡುತ್ತೇನೆಂದು ನಿರ್ಧರಿಸಿದೆ.

ಪಂಚರಾಗಿ ನಿವೃತ್ತ ಹೆಡ್‌ಮಾಸ್ಟರೊಬ್ಬರನ್ನೂ ಹಿಟ್ಟಿನ ಗಿರಣಿಯ ಯಜಮಾನರನ್ನೂ ಕರೆದೆ. ಮೂರನೆಯವರಾಗಿ ಕದರಪ್ಪನವರನ್ನೇ ಕರೆದೆ. ಅವರು ಒಪ್ಪಿದರೆ ತಾಲ್ಲೂಕೇ ಒಪ್ಪಿದಂತೆ. ಮೂವರೂ ಬೆಳಗ್ಗೆಯೇ ಬಂದು ಜಗಲಿಯ ಮೇಲೆ ಕೂತರು. ಬೆಳಗಿನ ಮೊದಲನೆಯದೇ ಆಗಬೇಕೆಂಬ ನಿಯಮವಿದ್ದುದರಿಂದ ನಾನು ಎದ್ದವನು ಹಾಗೆಯೇ ತಡೆದುಕೊಂಡು ನಿಂತಿದ್ದೆ. ಪಂಚರು ಬಾಟಲಿಯನ್ನು ಸೂರ್ಯನಿಗೆ ಹಿಡಿದು ನೋಡಿದರು. ಹೆಡ್‌ಮಾಸ್ಟರು ಒಂದು ಕಣ್ಣು ಮುಚ್ಚಿ ನೋಡಿದರು. ಕದರಪ್ಪನವರು ಬೆರಳು ತೂರಿಸಿ ಒಳಗೆಲ್ಲ ಸವರಿ, ಆ ಬೆರಳನ್ನು ನೆಕ್ಕಿ, ಸಿಹಿಯಿಲ್ಲ ಎಂದು ತಿಳಿಸಿದರು. ಅವರ ಬೆರಳು ಒಳಗೆ ಆಡಿದ್ದರಿಂದ ಬಾಟಲಿಯನ್ನು ಮತ್ತೆ ತೊಳೆಯಬೇಕಾಯಿತು. ತೊಳೆದದ್ದರಿಂದ ಒಣಗಿಸಬೇಕಾಯಿತು. ಅದು ಬಿಸಿಲಿನಲ್ಲಿ ಒಣಗುತ್ತಿರುವಾಗ ಜಯಮ್ಮ ಪಂಚರಿಗೆ ಕಾಫಿ ಕೊಟ್ಟಳು. ಆ ಕಾಫಿ ಲೋಟಕ್ಕೆ ಬೀಳುವ ಸದ್ದನ್ನು ಕೇಳುತ್ತಾ ನಾನು ಬಚ್ಚಲ ಬಾಗಿಲಲ್ಲಿ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದೆ.

ಮಹಜರನ್ನು ಹೆಡ್‌ಮಾಸ್ಟರು ಬರೆಯತೊಡಗಿದರು. ಅವರ ಅಕ್ಷರ ಮುತ್ತಿನಂಥದ್ದು, ಆದರೆ ಒಕ್ಕಣೆ ಶಾಲೆಯ ಪ್ರಬಂಧದ ಹಾಗಿತ್ತು. ನನ್ನಿಂದ ತಡೆಯಲಾಗಲಿಲ್ಲ, ಒಕ್ಕಣೆಯ ವಿಷಯ ಹೇಳುತ್ತಿದ್ದೇನೆ. ಸದರಿ ಸ್ಥಳದ ಚಕ್ಕುಬಂದಿ ಮೊದಲು ಬರಬೇಕೆಂದು ನಾನೇ ಹೇಳಿ ಬರೆಸಿದೆ: ಬಚ್ಚಲಿಗೆ ಪೂರ್ವಕ್ಕೆ ಹಲೀಮಾ ಬೀ ಅವರ ಗೋಡೆ, ಪಶ್ಚಿಮಕ್ಕೆ ನುಗ್ಗೆಮರ, ಉತ್ತರಕ್ಕೆ ಓಣಿ, ದಕ್ಷಿಣಕ್ಕೆ ಅಡುಗೆಮನೆ. ಒಳಗೆ ಹೋಗುವ ಮುನ್ನ ನನ್ನ ಕೈಯಲ್ಲಿ, ಸೊಂಟದಲ್ಲಿ ಬೇರೆ ಬಾಟಲಿ ಇಲ್ಲವೆಂದು ಪಂಚರು ತಡವಿ ನೋಡಿದ್ದೂ ಬರೆಯಲ್ಪಟ್ಟಿತು. ತಡವುವಾಗ ನಿಧಾನವಾಗಿ ತಡವಿ ಎಂದು ನಾನು ಬೇಡಿಕೊಂಡದ್ದು ಬರೆಯಲ್ಪಡಲಿಲ್ಲ. ಕೊನೆಗೂ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಸರ್ಕಾರಿ ಕೆಲಸವನ್ನು ಅಷ್ಟು ತ್ವರಿತವಾಗಿ ನಾನು ಎಂದೂ ಮುಗಿಸಿದವನಲ್ಲ. ಬಾಟಲಿಯನ್ನು ಪಂಚರ ಎದುರಿಗೆ ಬಟ್ಟೆ ಸುತ್ತಿ ಕಟ್ಟಿ, ಅರಗು ಕಾಯಿಸಿ ಮೊಹರು ಮಾಡಿ, ನಾಲ್ವರೂ ಔಷಧಾಲಯಕ್ಕೆ ನಡೆದೆವು. ದಾರಿಯಲ್ಲಿ ಕೆಲವರು ಸೇರಿಕೊಂಡರು. ಶವಸಂಸ್ಕಾರವೋ ಮೆರವಣಿಗೆಯೋ ತಿಳಿಯದೆ ಒಬ್ಬರು ಅಂಗಡಿಯಿಂದ ಎದ್ದು ನಿಂತು ಕೈಮುಗಿದರು.

ಡಾಕ್ಟರು ಅರಗು ಒಡೆಯುವುದಕ್ಕೆ ಕತ್ತರಿ ಹುಡುಕಿದರು. ಮಹಜರನ್ನು ಪೂರ್ತಿ ಓದಿ ಕನ್ನಡಕ ತೆಗೆದು ಒರೆಸಿಕೊಂಡರು. ಶ್ಯಾಮಣ್ಣ ಈ ಸಲ ಪರದೆ ತೆರೆದಿಟ್ಟೇ ದೀಪ ಹಚ್ಚಿದ. ಕೊಳವೆ ಕುದಿಯಿತು. ಕಿಟಕಿಯ ಸರಳು ಹಿಡಿದುಕೊಂಡು ಜನ ನೋಡುತ್ತಿದ್ದರು. ಬೆಲ್ಲವೊಂದೇ ಕಾರಣವಾಗಿರದೆ ನಿಜವಾಗಿಯೂ ಏನಾದರೂ ಇದ್ದರೆ ಎಂಬುದು ಆಗ ಮೊದಲ ಬಾರಿಗೆ ತಲೆಗೆ ಬಂತು. ನೀಲಿ ಕುದಿದು ಕುದಿದು ನೀಲಿಯಾಗಿಯೇ ಉಳಿಯಿತು. ಆಕಾಶ ಕೂಡ ಅಷ್ಟು ನೀಲಿಯಾಗಿರುವುದನ್ನು ನಾನು ಕಂಡಿಲ್ಲ. "ಏನೂ ಇಲ್ಲ" ಎಂದು ಶ್ಯಾಮಣ್ಣ ಸ್ವಲ್ಪ ನಿರಾಸೆಯಿಂದ ಹೇಳಿದ. ಕದರಪ್ಪನವರು ಕೊಳವೆಯನ್ನು ತಾವೇ ಹಿಡಿದು ನೋಡಿ, ನನ್ನ ಎರಡೂ ಕೈ ಹಿಡಿದುಕೊಂಡು, "ತಪ್ಪು ತಿಳ್ಕೊಂಡ್ಬುಟ್ಟಿದ್ದೆ ಸ್ವಾಮಿ. ನಿಮ್ಮ ಮೈಯಾಗೆ ನಮ್ಮ ಸಕ್ಕರೆ ಒಂದು ಕಾಳೂ ಇಲ್ಲ" ಎಂದರು. ಮನೆಗೆ ಬಂದು ಜಯಮ್ಮನಿಗೆ ಎಲ್ಲವನ್ನೂ ಹೇಳಿದೆ. ಸಂಜೆ ಹಲೀಮಾ ಬೀ ಮನೆಯಿಂದ ಒಂದು ದೊಡ್ಡ ತಟ್ಟೆ ಸಿಹಿ ಬಂತು. ನನ್ನ ಕುರು ಕೂಡ ಆ ವಾರವೇ ತಾನಾಗಿ ಮಾಯಿತು.

ಇಲ್ಲಿಗೆ ಕತೆ ಮುಗಿಯಬೇಕಾಗಿತ್ತು. ಆದರೆ ಕದರಪ್ಪನವರು ಮಾತು ಹಿಡಿದರೆ ಬಿಡುವವರಲ್ಲ ಎಂದು ಹೇಳಿದೆನಷ್ಟೆ. ಅವರು ಮನೆಗೆ ಹೋಗಿ ವಿಚಾರ ಮಾಡಿದ್ದಾರೆ. ಅರ್ಧ ಸಕ್ಕರೆ ಕಡಿಮೆಯಾದದ್ದು ನಿಜ. ಗುಮಾಸ್ತರ ಮೈಯಲ್ಲಿ ಅದು ಇಲ್ಲವೆಂಬುದು ಪಂಚರ ಸಮಕ್ಷಮ ರುಜುವಾತಾಗಿದೆ. ಹಾಗಾದರೆ ಅದು ಇನ್ನು ಯಾರ ಮೈಯಲ್ಲಿದೆ? ಮುಂದಿನ ಸೋಮವಾರ ಅವರು ಒಂದು ಅರ್ಜಿ ತಂದುಕೊಟ್ಟರು. ಸಾರ್ವಜನಿಕ ಹಿತದೃಷ್ಟಿಯಿಂದ ಅಮಲ್ದಾರರು, ಶಿರಸ್ತೇದಾರರು, ಫುಡ್ ಇನ್ಸ್‌ಪೆಕ್ಟರು ಮತ್ತು ಡಿಪೋದವರ ಮೂತ್ರವನ್ನೂ ಮಹಜರು ಮೂಲಕ ಪರೀಕ್ಷೆಗೆ ಒಳಪಡಿಸಬೇಕು ಎಂದು ಅದರಲ್ಲಿತ್ತು. ಕೆಳಗೆ ಹೋಬಳಿಯ ಜನರ ರುಜುಗಳು, ಹೆಬ್ಬೆಟ್ಟುಗಳು. ಒಕ್ಕಣೆ ಚೆನ್ನಾಗಿತ್ತು; ನನ್ನ ಮಹಜರನ್ನೇ ಮಾದರಿಯಾಗಿ ಇಟ್ಟುಕೊಂಡಿದ್ದರು. ನಿಯಮದಂತೆ ಅದಕ್ಕೆ ನಂಬರು ಹಾಕಿ ಅಮಲ್ದಾರರ ಮೇಜಿಗೆ ಕಳಿಸಿದೆ.

ಸಕ್ಕರೆ ಕಾಯಿಲೆಗೂ ರೇಷನ್ ಸಕ್ಕರೆಗೂ ಸಂಬಂಧವಿಲ್ಲ ಎಂದು ಡಾಕ್ಟರು ವರಾಂಡದಲ್ಲಿ ನಿಂತು ವಿವರಿಸಿದರು. ಪಾಪ, ಡಾಕ್ಟರಿಗೂ ಏನೋ ಒತ್ತಡ ಬಂದಿದೆ ಎಂದು ಜನ ಅರ್ಥಮಾಡಿಕೊಂಡರು. ಕಚೇರಿಯಲ್ಲಿ ಯಾರೂ ಈ ಪರೀಕ್ಷೆಗೆ ಅರ್ಥವಿಲ್ಲ ಎಂದು ಬಾಯಿಬಿಟ್ಟು ಹೇಳುವಂತಿರಲಿಲ್ಲ. ನನ್ನ ವಿಷಯದಲ್ಲಿ ಅದೇ ಪರೀಕ್ಷೆಯನ್ನು ಎಲ್ಲರೂ ಒಪ್ಪಿಕೊಂಡಾಗಿತ್ತು. ಶಿರಸ್ತೇದಾರರು ಕಾಫಿ ಬಿಟ್ಟರು. ಫುಡ್ ಇನ್ಸ್‌ಪೆಕ್ಟರು ಸಿದ್ದರಬೆಟ್ಟಕ್ಕೆ ಹರಕೆ ಇದೆಯೆಂದು ಹೋದವರು ಬಹಳ ದಿನ ಇಳಿದು ಬರಲಿಲ್ಲ. ಡಿಪೋದವರು ಹಾಗಲಕಾಯಿ ರಸ ಕುಡಿಯುತ್ತಿದ್ದಾರೆ ಎಂದು ಸುದ್ದಿಯಾಯಿತು. ಅಮಲ್ದಾರರು ಪದೇ ಪದೇ ನೀರು ಕುಡಿಯುತ್ತಿದ್ದರು, ಪದೇ ಪದೇ ಹಿತ್ತಲಿಗೆ ಹೋಗುತ್ತಿದ್ದರು. ಇದು ಹಿಂದಿನಿಂದಲೂ ಇದ್ದದ್ದೇ, ಈಗ ಎಲ್ಲರೂ ಗಮನಿಸತೊಡಗಿದರು. ನಾನು ಕಚೇರಿಯೊಳಗೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ಹಿಂದೆ ಇಟ್ಟಿಗೆ ಬಣ್ಣದವನಾಗಿದ್ದಾಗ ನನ್ನನ್ನು ಕಂಡು ಮರುಗುತ್ತಿದ್ದವರು ನೀಲಿಯಾದ ಮೇಲೆ ನನ್ನನ್ನು ಕಂಡು ಹೆದರುತ್ತಿದ್ದರು.

ತಿಂಗಳ ಕೊನೆಯಲ್ಲಿ ಅಮಲ್ದಾರರು ಮತ್ತೆ ಒಳಗೆ ಕರೆದು ಕೂತುಕೊಳ್ಳಿ ಎಂದರು. ಅವರ ಧ್ವನಿ ಮೊದಲಿಗಿಂತಲೂ ಮೃದುವಾಗಿತ್ತು. "ನಿಮ್ಮ ಮೇಲೆ ಒಂದು ಕಪ್ಪು ಚುಕ್ಕೆಯೂ ಇಲ್ಲ. ಈಗ ಅದೇ ತೊಂದರೆಯಾಗಿದೆ. ಪಾವಗಡದಲ್ಲಿ ನಿಮ್ಮಂಥವರು ಬೇಕು" ಎಂದು ಆರ್ಡರನ್ನು ಎರಡೂ ಕೈಯಿಂದ ಕೊಟ್ಟರು. ಅರ್ಜಿಯ ಗತಿ ಏನಾಯಿತೆಂದು ನಾನು ಕೇಳಲಿಲ್ಲ.

ಪಾವಗಡದಲ್ಲಿ ಬಸ್ಸು ಇಳಿದು ಸಾಮಾನು ಇಳಿಸುತ್ತಿರುವಾಗ, ತಲೆಗೆ ಟವಲು ಸುತ್ತಿದ್ದ ಒಬ್ಬರು ಹತ್ತಿರ ಬಂದು, ಬಹಳ ಗೌರವದಿಂದ, "ಸಾರ್, ಬಾಟಿಲ್ ಕೇಸುಲೋ ಗೆಲಿಚಿಂದಿ ಮೀರೇನಾ?" ಎಂದರು. ಆ ಬಾಟಲಿ ಕೇಸಿನಲ್ಲಿ ಗೆದ್ದವರು ನೀವೇನಾ ಎಂದು ಕೇಳುತ್ತಿದ್ದಾರೆಂದು ಜಯಮ್ಮ ಹೇಳಿದಳು. ಅವಳಿಗೆ ತೆಲುಗು ಬರುತ್ತದೆಂದು ನನಗೆ ಅಂದೇ ತಿಳಿದದ್ದು. ಹೌದು ಎಂದೆ. ಅವರು ನನ್ನ ಟ್ರಂಕನ್ನು ತಾವೇ ಹೊತ್ತು ಮನೆಯವರೆಗೆ ತಂದುಕೊಟ್ಟರು. ಹೊಸ ಕಚೇರಿಯಲ್ಲಿ ಎಲ್ಲರೂ ಎದ್ದು ನಿಂತು ಬರಮಾಡಿಕೊಂಡು, ಬಹಳ ಯೋಚನೆ ಮಾಡಿ, ನನಗೆ ಜನನ ಮರಣ ದಾಖಲೆಯ ಸೆಕ್ಷನ್ ಕೊಟ್ಟರು. ತಿನ್ನುವಂಥದ್ದು ಯಾವುದೂ ಅಲ್ಲಿರಲಿಲ್ಲ. ಅಲ್ಲಿ ಬಹಳ ವರ್ಷ ಇದ್ದೆ, ಸುಖವಾಗಿಯೇ ಇದ್ದೆ. ಜ್ವರ ಬಂದರೆ ಕಷಾಯ ಕುಡಿದು ಮಲಗುತ್ತಿದ್ದೆನೇ ಹೊರತು ಬಾಟಲಿ ಕೇಳುವ ಡಾಕ್ಟರ ಹತ್ತಿರ ಹೋಗುತ್ತಿರಲಿಲ್ಲ. ನನ್ನ ಇಡೀ ಸರ್ವಿಸ್ಸಿನಲ್ಲಿ ನಾನು ಪ್ರಾಮಾಣಿಕನೆಂದು ರುಜುವಾತಾದದ್ದು ಅದೊಂದೇ ಸಲ. ಅಂಥದ್ದು ಮತ್ತೆ ಆಗದ ಹಾಗೆ ನೋಡಿಕೊಂಡೆ.